ಮಾರಕ್ಕನ ಬೆರಳಿನ ಇಂಗ್ಲಿಷು

ಚಾಮರಾಜಪೇಟೆಯ ಮಾರಕ್ಕ ಮೂವತ್ತೊಂಬತ್ತು ವರ್ಷ ಕಂದಾಯ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದವರು. ಇಂಗ್ಲಿಷಿನಲ್ಲಿ ಎರಡು ಮಾತಾಡಬೇಕೆಂದರೆ ಅವರಿಗೆ ನಾಲಿಗೆ ಹೊರಳುತ್ತಿರಲಿಲ್ಲ. ಸ್ಪೆಲಿಂಗಿನಲ್ಲಿ ಮಾತ್ರ ಅವರನ್ನು ಮೀರಿಸುವವರು ಕಚೇರಿಯಲ್ಲೇ ಇರಲಿಲ್ಲ. ಸಾಹೇಬರು ಒಳಗಿನಿಂದ "ಮಾರಕ್ಕಾ, ಅಕಾಮಡೇಶನ್‌ಗೆ ಎಷ್ಟು ಎಮ್ಮು?" ಎಂದು ಕೂಗಿದರೆ ಇವರು ತಲೆಯೆತ್ತದೆ, "ಎರಡು ಸಿ, ಎರಡು ಎಮ್ಮು ಸಾರ್" ಎನ್ನುತ್ತಿದ್ದರು.

ಅಕ್ಕಿಪೇಟೆಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ಲಕ್ಷ್ಮಯ್ಯ, ಎಸ್ಸೆಸ್ಸೆಲ್ಸಿ ಮುಗಿಸಿದ ಮಗಳನ್ನು ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಸೇರಿಸಿದ್ದರು. ಅಲ್ಲಿ ಕೀಗಳ ಮೇಲೆ ರಟ್ಟು ಮುಚ್ಚಿ ಕಲಿಸುತ್ತಿದ್ದರಿಂದ ಅಕ್ಷರಗಳು ಕಣ್ಣಿಗಿಂತ ಮೊದಲು ಬೆರಳಿಗೆ ಹತ್ತಿದವು. ಅರ್ಥ ಹೇಳಿಕೊಡುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ, ಇವರೂ ಕೇಳಲಿಲ್ಲ.

ರಿಟೈರಾದ ಮೂರನೇ ವರ್ಷ, ಒಂದು ಭಾನುವಾರ ಬೆಳಿಗ್ಗೆ, ಮಾರಕ್ಕ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಪಕ್ಕದಲ್ಲಿ ತಮ್ಮನ ಮಗಳು ವಿಶಾಖಾ ಮೊಬೈಲಿನಲ್ಲಿ ಪದ ಹುಡುಕುವ ಆಟ ಆಡುತ್ತ ತಲೆ ಕೆರೆದುಕೊಳ್ಳುತ್ತಿದ್ದಳು.

"ಆರಕ್ಷರದ ಪದ ಅತ್ತೆ. ಎ, ಇ, ಐ, ಓ, ಯು ಒಂದೂ ಇರ್ಬಾರ್ದಂತೆ. ಎಚ್ ಎರಡು ಸಲ, ಕೊನೇಲಿ ಎಮ್ಮು. ಇಂಥದ್ದೂ ಒಂದು ಪದ ಇರುತ್ತಾ?"

ಮಾರಕ್ಕನ ಬೆರಳುಗಳು ಮೊರದ ಅಂಚಿನ ಮೇಲೆ ಪಟಪಟ ಬಡಿದವು. "ಆರ್, ಎಚ್, ವೈ, ಟಿ, ಎಚ್, ಎಮ್."

ವಿಶಾಖಾ ಒತ್ತಿ ನೋಡಿದಳು. ಪರದೆ ತುಂಬ ಹಸಿರು. "ಅತ್ತೆ! ರಿದಮ್! ಹೆಂಗೆ ಗೊತ್ತಾಯ್ತು?"

"ಯಾವ್ದೋ ಡ್ಯಾನ್ಸ್ ಪ್ರೋಗ್ರಾಮಿನ ಇನ್ವಿಟೇಶನ್‌ಗೆ ಹೊಡ್ದಿದ್ದೆ ಕಣೇ. ಹಂಗಂದ್ರೇನು?"

ಅಂದು ಅವರೆಕಾಯಿ ಅರ್ಧಕ್ಕೇ ನಿಂತಿತು. ಝಡ್ ಎರಡಿರುವ ಪದ ಬೇಕೆ, ಕ್ಯೂ ನಡುವೆ ಬರುವ ಪದ ಬೇಕೆ, ವಿಶಾಖಾ ಕೇಳಿದ್ದಕ್ಕೆಲ್ಲ ಬೆರಳುಗಳೇ ಉತ್ತರ ಕೊಟ್ಟವು. "ನಾಟ್‌ವಿತ್‌ಸ್ಟಾಂಡಿಂಗ್ ಅಂತ ದಿನಕ್ಕೆ ಹತ್ತು ಸಲ ಹೊಡೀತಿದ್ದೆ, ಆಫೀಸಲ್ಲಿ ನಿಂತ್ಕೊಳ್ಳೋ ಹಂಗಿಲ್ಲ ಅಂತೇನೋ ಅಂದ್ಕೊಂಡಿದ್ದೆ" ಎಂದು ಮಾರಕ್ಕ ಹೇಳಿದಾಗ ಹುಡುಗಿ ನಗುತ್ತ ಸಿಪ್ಪೆಯ ರಾಶಿಯ ಮೇಲೇ ಉರುಳಿದಳು. ಎದ್ದವಳೇ, ಬಸವನಗುಡಿಯ ಒಂದು ವಾಚನಾಲಯದಲ್ಲಿ ನಡೆಯುವ ಹಿರಿಯರ ಸ್ಕ್ರ್ಯಾಬಲ್ ಪಂದ್ಯಕ್ಕೆ ಅತ್ತೆಯ ಹೆಸರು ಬರೆಸಿಬಿಟ್ಟಳು.

"ನಂಗೆ ಅರ್ಥ ಗೊತ್ತಿಲ್ಲ, ಮಾನ ಹೋಗುತ್ತೆ."

"ಅರ್ಥ ಯಾರೂ ಕೇಳಲ್ಲ ಅತ್ತೆ. ಕೈಯಲ್ಲಿರೋ ಅಕ್ಷರದ ಬಿಲ್ಲೆ ಜೋಡಿಸಿ ಪದ ಇಡ್ಬೇಕು, ಅದು ಡಿಕ್ಷನರೀಲಿ ಇದ್ರೆ ಸಾಕು."

"ಅಷ್ಟೇನಾ?" ಎಂದರು ಮಾರಕ್ಕ. "ಹಂಗಾದ್ರೆ ನಾನು ಸಂಬಳ ತಗೊಂಡಿದ್ದೇ ಅದಕ್ಕಲ್ವಾ!"

ಪಂದ್ಯದ ದಿನ ಹಸಿರು ರೇಷ್ಮೆ ಸೀರೆ ಉಟ್ಟು ವಿಶಾಖಾಳ ಜೊತೆ ಹೋದರು. ಸುತ್ತಲೂ ರಿಟೈರಾದ ಡಾಕ್ಟರು, ಬ್ಯಾಂಕ್ ಮ್ಯಾನೇಜರು. ಎಲ್ಲರೂ ಇಂಗ್ಲಿಷಿನಲ್ಲೇ ಕೆಮ್ಮುತ್ತಿದ್ದಾರೇನೋ ಎಂದು ಮಾರಕ್ಕನಿಗೆ ಅನ್ನಿಸಿತು. ಮೊದಲ ಆಟದಲ್ಲಿ ಕೈಗೆ ಬಂದ ಬಿಲ್ಲೆಗಳನ್ನು ನೋಡಿ ಹೆದರಿಕೆಯಲ್ಲಿ ತಾಲೂಕ್ ಎಂದು ಇಟ್ಟರು. ಎದುರಿಗಿದ್ದ ಯಶಶ್ರೀ ಮೇಡಂ "ಅದು ನಮ್ಮ ಪದ ಅಲ್ವೇನ್ರೀ" ಎಂದು ಆಕ್ಷೇಪಿಸಿದರು. ತೀರ್ಪುಗಾರ ಮಹಾನಂದ ಡಿಕ್ಷನರಿ ತಿರುವಿ, "ಇದೆ, ಇಂಗ್ಲಿಷಲ್ಲೂ ಇದೆ!" ಎಂದರು. ಅಲ್ಲಿಂದಾಚೆಗೆ ಮಾರಕ್ಕನಿಗೆ ರೆಕ್ಕೆ ಬಂತು. ಮಧ್ಯಾಹ್ನದ ಹೊತ್ತಿಗೆ ಫೈನಲ್ ತಲುಪಿದ್ದರು.

ಅಲ್ಲಿ ಕೂತಿದ್ದವರು ಚಿದಂಬರ, ಕಾಲೇಜಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಪಾಠ ಹೇಳಿದ ಮೇಷ್ಟ್ರು. ಪ್ರತಿ ಪದ ಇಟ್ಟಾಗಲೂ ಅದರ ಅರ್ಥ, ಹುಟ್ಟು, ಬಂಧುಬಳಗವನ್ನೆಲ್ಲ ವಿವರಿಸುತ್ತಿದ್ದರು. ಮಾರಕ್ಕ ವಿದ್ಯಾರ್ಥಿನಿಯಂತೆ ತಲೆಯಾಡಿಸಿದರು. ಆಟ ಮುಗಿಯುತ್ತ ಬಂದಾಗ ಮೇಷ್ಟ್ರು ಚೀಟ್ ಎಂದಿಟ್ಟು, "ಮೋಸ ಅಂತ ಅರ್ಥ, ಅಮ್ಮಾ" ಎಂದು ನಕ್ಕರು. ಮಾರಕ್ಕ ಮೂವತ್ತೊಂದು ಪಾಯಿಂಟ್ ಹಿಂದಿದ್ದರು. ಕೈಯಲ್ಲಿ ಉಳಿದದ್ದು ಎರಡೇ ಬಿಲ್ಲೆ: ಒಂದು ಇ, ಒಂದು ಎಸ್. ವಿಶಾಖಾ ಉಗುರು ಕಚ್ಚಿದಳು.

ಮಾರಕ್ಕ ಹಲಗೆಯನ್ನೇ ನೋಡಿದರು. ಸಿ, ಎಚ್, ಇ, ಎ, ಟಿ. ಅದರ ಎಡಗಡೆ ಎರಡು ಮನೆ ಖಾಲಿ. ತುದಿಯ ಮನೆ ಕೆಂಪು, ಅಂದರೆ ಪಾಯಿಂಟ್ ಮೂರು ಪಟ್ಟು. ಎಡಗೈ ಬೆರಳು ಮೇಜಿನಡಿಯಲ್ಲಿ ತಾನಾಗಿ ಆಡಿತು. ಮರುಕ್ಷಣ ಅವರು ಚೀಟ್‌ನ ಎಡಕ್ಕೆ ಇ, ಎಸ್ ಎರಡನ್ನೂ ಇಟ್ಟರು.

"ಎಸ್ಚೀಟ್?" ಮೇಷ್ಟ್ರ ಕನ್ನಡಕ ಮೂಗಿನ ತುದಿಗೆ ಜಾರಿತು. "ಇಲ್ಲಮ್ಮಾ, ಇಂಥ ಪದಾನೇ ಇಲ್ಲ. ಮೋಸಕ್ಕೇ ಮೋಸ ಮಾಡ್ತಿದೀರಾ!"

"ಇದೆ ಸಾರ್." ಮಾರಕ್ಕನ ದನಿ ಅವರಿಗೇ ಹೊಸದೆನಿಸಿತು. "ಇದೊಂದರ ಅರ್ಥ ನಂಗೆ ಚೆನ್ನಾಗಿ ಗೊತ್ತು. ವಾರಸುದಾರರೇ ಇಲ್ದೆ ಹೋದ್ರೆ ಆಸ್ತಿ ಸರ್ಕಾರಕ್ಕೆ ಸೇರುತ್ತಲ್ಲ, ಅದು. ಸಾವಿರ ಫೈಲಾದ್ರೂ ಹೊಡ್ದಿದೀನಿ."

ಮಹಾನಂದ ಹಾಳೆ ತಿರುವಿದರು. "ಇದೆ!" ಎಂದು ಅವರು ಕೂಗಿದ್ದೇ ತಡ, ವಿಶಾಖಾ ಕುರ್ಚಿಯ ಮೇಲೆ ಹತ್ತಿ ಕುಣಿದಳು. ಮೂವತ್ತಾರು ಪಾಯಿಂಟ್, ಆಟ ಮುಗಿಯಿತು, ಮಾರಕ್ಕ ಗೆದ್ದಿದ್ದರು. ಮೇಷ್ಟ್ರು ಹೊಟ್ಟೆ ಕುಲುಕುವಂತೆ ನಕ್ಕು ಎದ್ದು ನಿಂತು ಕೈಮುಗಿದರು. "ಮೂವತ್ತು ವರ್ಷ ಪಾಠ ಹೇಳ್ದೋನಿಗೆ ನೀವು ಇವತ್ತು ಒಂದು ಪಾಠ ಹೇಳಿದ್ರಿ. ಮುಂದಿನ ಭಾನುವಾರ ಬನ್ನಿ, ಬಿಡಲ್ಲ ನಿಮ್ಮನ್ನ."

"ಬರ್ತೀನಿ ಸಾರ್. ಕನ್ನಡಕ ಒರೆಸ್ಕೊಂಡಿರಿ" ಎಂದರು ಮಾರಕ್ಕ, ಎಂದವರೇ ತಮ್ಮ ಧೈರ್ಯಕ್ಕೆ ತಾವೇ ಬೆಚ್ಚಿ ಬಾಯಿಗೆ ಸೆರಗು ಹಿಡಿದರು.

ಬಹುಮಾನ ಇಟ್ಟಿಗೆ ಗಾತ್ರದ ಒಂದು ಡಿಕ್ಷನರಿ. ಆಟೋದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ, ಸೊಸೆ ಕಾಣಿಸಿದ ಬೋರ್ಡಿನೊಳಗೆಲ್ಲ ಪದ ಹುಡುಕುತ್ತ, ಕೂಗುತ್ತ, ನಗುತ್ತ ಬಂದರು. ಸಿಗ್ನಲ್ಲಿನಲ್ಲಿ ಆಟೋದವನು ತಡೆಯಲಾರದೆ ಹಿಂದೆ ತಿರುಗಿದ. "ಅಮ್ಮಾ, ನಮ್ ಮೀಟರ್‌ನಲ್ಲೂ ಏನಾದ್ರೂ ಸಿಗುತ್ತಾ?"

"ಟ್ರೀ ಸಿಗುತ್ತೆ, ಮೀಟ್ ಸಿಗುತ್ತೆ, ಟರ್ಮ್ ಸಿಗುತ್ತೆ..."

"ಅಯ್ಯೋ, ಇಷ್ಟು ದಿನ ಬರೀ ಜಗಳ ಸಿಕ್ತಿತ್ತಲ್ಲಮ್ಮ!" ಎಂದ ಅವನು. ಹಸಿರು ದೀಪ ಬಿದ್ದು ಹಿಂದಿನವರೆಲ್ಲ ಹಾರ್ನ್ ಹೊಡೆಯುತ್ತಿದ್ದರೂ ಮೂವರಿಗೂ ನಗು ನಿಲ್ಲಲಿಲ್ಲ.