ಉಮ್ಸುನ್ ಅಜ್ಜಿಯ ಪಾಲು

ನರೀನ್ ಪಟ್ಟಣದ ರೇಡಿಯೊದಲ್ಲಿ ಬೆಳಗಿನ ಶುಭಾಶಯ ಓದುವ ಉಮ್ಸುನ್ ಅಜ್ಜಿಗೆ ಎಪ್ಪತ್ತು ದಾಟಿದೆ, ಬಾಯಲ್ಲಿ ಹಲ್ಲಿಲ್ಲ ಎಂದೇ ಊರು ನಂಬಿತ್ತು. ಕುಡಿದು ಬರುವ ಗಂಡಂದಿರನ್ನು ಆಕೆ ಬೈಯತೊಡಗಿದರೆ ಕುರಿ ಕಾಯುವವರೂ ಕುದುರೆ ನಿಲ್ಲಿಸಿ ನಗುತ್ತಿದ್ದರು.

ಆ ಅಜ್ಜಿ ನಿಜಕ್ಕೂ ಇಪ್ಪತ್ತೇಳರ ಕನಿಷಾಯ್. "ಸೊಸೆ ಮಾತು ಯಾರಮ್ಮ ಕೇಳ್ತಾರೆ? ಮುದುಕಿಯಾಗು," ಎಂದು ಹೆಸರು, ದನಿ ಎರಡನ್ನೂ ತೊಡಿಸಿದವನು ರೇಡಿಯೊದ ನಿರ್ದೇಶಕ. ಅವನ ಸ್ವಂತ ಹೆಸರು ಮಾತ್ರ ಪ್ರತಿ ಕಾರ್ಯಕ್ರಮಕ್ಕೂ ಮೊದಲು ಮೊಳಗುತ್ತಿತ್ತು. ಹೆಣ್ಣಿಗೆ ಬುದ್ಧಿ ಇದೆ ಎಂದು ಒಪ್ಪಲು ಅವಳ ಹಲ್ಲು ಉದುರಬೇಕೇ?

ರೇಡಿಯೊ ಕಚೇರಿಯ ಕಸ ಗುಡಿಸುತ್ತೇನೆ ಎಂದು ಅವಳು ಮನೆಯಲ್ಲಿ ಹೇಳಿದ್ದಳು. ಗುಡಿಸಿದರೆ ಮನೆತನದ ಮಾನ ಹೋಗದು, ಮಾತಾಡಿದರೆ ಹೋಗುತ್ತದೆ. ಗೊತ್ತಾದರೆ ಮಾವ ಕೆಲಸ ಬಿಡಿಸುವುದು ಖಂಡಿತ. ಆದರೆ ಅಜ್ಜಿಗೆ ಅವನಷ್ಟು ದೊಡ್ಡ ಅಭಿಮಾನಿ ಬೀದಿಯಲ್ಲೇ ಇರಲಿಲ್ಲ. "ಹೆಂಗ್ಸು ಅಂದ್ರೆ ಹಿಂಗಿರ್ಬೇಕು, ನೋಡ್ಕೊ," ಎಂದು ಚಹಾ ಬಗ್ಗಿಸುವ ಸೊಸೆಗೇ ಪಾಠ ಹೇಳುತ್ತಿದ್ದ.

ಮಾವನ ಹುಟ್ಟುಹಬ್ಬದ ಬೆಳಿಗ್ಗೆ ರೇಡಿಯೊದಲ್ಲಿ ಓದಲು ಅವನ ಗೆಳೆಯರ ಶುಭಾಶಯ ಬಂತು: ನಮ್ಮ ತೆಮಿರ್ಕುಲ್‌ಗೆ. ನಮ್ಮಲ್ಲಿ ಸೊಸೆ ಮಾವನ ಹೆಸರು ಹೇಳುವಂತಿಲ್ಲ. ತೆಮಿರ್ ಅಂದರೆ ಕಬ್ಬಿಣ, ಹಾಗಾಗಿ ಆ ಮನೆಯ ಸೊಸೆಯರಿಗೆ ಅವನು 'ಗಟ್ಟಿಯವರು'. ಅವರ ಬಾಯಲ್ಲಿ ಕಬ್ಬಿಣದ ಬಾಣಲೆಯೂ ಗಟ್ಟಿ ಬಾಣಲೆ. ಎಪ್ಪತ್ತರ ಅಜ್ಜಿ ಧಾರಾಳವಾಗಿ ಹೆಸರು ಹಿಡಿದು ಕೂಗಬಹುದಿತ್ತು. ಕನಿಷಾಯ್ ನಾಲಿಗೆ ಏಳಲಿಲ್ಲ.

"ನಮ್ಮ... ಗಟ್ಟಿಯವರು ನೂರು ವರ್ಷ ಬಾಳ್ಲಿ," ಅಂದುಬಿಟ್ಟಳು.

ಮಧ್ಯಾಹ್ನ ಮನೆ ತುಂಬ ನೆಂಟರು. ಮಾವ ಕುರಿಮಾಂಸ ಕೊಯ್ಯುತ್ತ ಕೇಳಿದ, "ಏನ್ ಸೊಸೆ, ಕಸ ಗುಡ್ಸಿ ಆಯ್ತಾ?"

"ಆಯ್ತು, ಆತಾ," ಅಂದಳು, ಅಪ್ಪನನ್ನು ಕರೆಯುವಂತೆ.

"ಉಮ್ಸುನ್ ಅಜ್ಜಿ ನಂಗೆ ಯಾವಾಗ ಸೊಸೆ ಆದ್ಲು ಅಂತ ಬೆಳಿಗ್ಗೆಯಿಂದ ಯೋಚ್ನೆ ಮಾಡ್ತಿದೀನಿ. ನನಗಿಂತ ದೊಡ್ಡೋಳಲ್ವಾ ಅವ್ಳು?"

ಕನಿಷಾಯ್ ತಲೆ ತಗ್ಗಿಸಿದಳು. ಅತ್ತೆ ನಡುವೆ ಬಾಯಿ ಹಾಕಿದಳು. "ನಿಮ್ಗೆ ಇವತ್ತು ಗೊತ್ತಾಯ್ತಾ? ನಂಗೆ ಮೊದ್ಲಿಂದ್ಲೂ ಗೊತ್ತು. ಹೋದ ತಿಂಗ್ಳು ಕುಡುಕನ್ನ ಬೈದ್ಲಲ್ಲ, ನೀವು ಹೊಟ್ಟೆ ಹಿಡ್ಕೊಂಡು ನಕ್ಕಿದ್ದು? ಅದು ನಿಮ್ಮನ್ನೇ. ನಾನೇ ಬರ್ಕೊಟ್ಟಿದ್ದೆ."

ನೆಂಟರ ನಗುವಿಗೆ ಮಾವನ ಕಿವಿ ಕೆಂಪಾಯಿತು. ನಮ್ಮಲ್ಲಿ ಮಾಂಸ ಹಂಚುವುದು ಹಿರಿತನದ ಪ್ರಕಾರ. ಸೊಂಟದ ಮೂಳೆ ಮನೆಯ ಹಿರಿಯ ಹೆಂಗಸಿನ ಪಾಲು. ಅವನು ಅದನ್ನೆತ್ತಿ, ಹೆಂಡತಿಯನ್ನು ದಾಟಿ, ಬಾಗಿಲ ಬಳಿ ಕೂತಿದ್ದ ಕನಿಷಾಯ್ ಮುಂದಿಟ್ಟ. ಅತ್ತೆ ಮುನಿಸಿಕೊಳ್ಳದೆ ಉಪ್ಪಿನ ಬಟ್ಟಲನ್ನು ಅತ್ತ ತಳ್ಳಿದಳು.

"ತಿನ್ನು, ಅಜ್ಜಿ," ಅಂದ ಮಾವ. "ನಾಳೆ ರೇಡಿಯೊಗೆ ಬೇಗ ಹೋಗು. ಮುಂದೆ ನನ್ನ ಬೈಯೋದಿದ್ರೆ ಮುಂಚೆ ಹೇಳು, ಆವತ್ತು ಪಕ್ಕದ್ಮನೆಯವ್ರ ಜೊತೆ ಕೂತು ಕೇಳಲ್ಲ."