ಬರೆದವನ ಹೆಸರು, ಕಂಡವನ ಹೆಸರು

ಮೊನ್ನೆ ಬೆಳಿಗ್ಗೆ ಹೊಳಲ್ಕೆರೆಯ ನಮ್ಮ ಬಾಡಿಗೆ ಮನೆಯ ಬಾಗಿಲಿಗೆ ಒಬ್ಬ ಪೊಲೀಸ್ ಪೇದೆ ಬಂದು ನಿಂತರು. ನಾನು ಮುಖಕ್ಕೆಲ್ಲ ನೊರೆ ಹಚ್ಚಿಕೊಂಡು ಗಡ್ಡ ಕೆರೆಯುತ್ತಿದ್ದೆ. ಖಾಕಿ ಕಂಡರೆ ಮಾಡದ ತಪ್ಪುಗಳೂ ನೆನಪಾಗುವ ಜಾಯಮಾನ ನನ್ನದು. ಅವರು ನಕ್ಕು, ಕವರಿನಿಂದ ಒಂದು ಕಾಗದ ತೆಗೆದರು. ಹಿರಿಯೂರು ಕೋರ್ಟಿನ ಸಮನ್ಸು. ಗಂಗಕ್ಕನ ಕೇಸಿನಲ್ಲಿ ಸಾಕ್ಷಿ ಹೇಳಲು ಇಂಥ ದಿನ ಹಾಜರಾಗಬೇಕು ಎಂದಿತ್ತು. ನನ್ನ ಹೆಂಡತಿ ಅವರನ್ನು ಕೂರಿಸಿ ಟೀಗೆ ಇಡಲು ಒಳಗೆ ಹೋದಳು. ನಮ್ಮ ಮನೆಯ ಸ್ಟೌವ್ ಬಲು ನಿಧಾನ. ಟೀ ಬರುವಷ್ಟರಲ್ಲಿ ನಿಮಗೆ ಗಂಗಕ್ಕನ ವಿಷಯ ಹೇಳಿಬಿಡಬಹುದು.

ಕೆಲವು ವರ್ಷಗಳ ಹಿಂದೆ ನಾನು ಹಿರಿಯೂರು ಕಡೆಯ ಒಂದು ಹಳ್ಳಿಯಲ್ಲಿ ಮೇಷ್ಟ್ರು. ಅಕ್ಷರ ದುಂಡಗಿದ್ದ ಒಂದೇ ಕಾರಣಕ್ಕೆ ಊರಿನ ಅರ್ಜಿಗಳೆಲ್ಲ ನನ್ನ ಪಾಲಿಗೆ. ಪಿಂಚಣಿ ನಿಂತರೂ ನಾನೇ ಬರೆಯಬೇಕು, ಬಸ್ಸು ನಿಲ್ಲಿಸದಿದ್ದರೂ ನಾನೇ. ಕೊನೆಯಲ್ಲಿ, ಹಳೆಯ ಕ್ರಯಪತ್ರಗಳ ಕ್ರಮದಂತೆ, 'ಬಿಕ್ಕಲಂ' ಎಂದು ಹಾಕಿ ಅದರ ಮುಂದೆ ನನ್ನ ಹೆಸರು ಬರೆಯುತ್ತಿದ್ದೆ. ಬರೆದ ಕೈ ನನ್ನದು ಎಂದಷ್ಟೇ ಅದರ ಅರ್ಥ. ಒಳಗಿರುವ ಮಾತಿಗೂ ನನಗೂ ಸಂಬಂಧವಿಲ್ಲ ಎಂದು ಹೇಳಿಕೊಳ್ಳುವ ಮರ್ಯಾದಸ್ತ ದಾರಿಯೂ ಹೌದು. ಊರಿನ ಜಗಳಗಳಿಗೆಲ್ಲ ಕಾಗದ ಬರೆದುಕೊಟ್ಟೂ ಯಾರ ಕೈಲೂ ಬೈಸಿಕೊಳ್ಳದೆ ವರ್ಷಗಟ್ಟಲೆ ಕಳೆದಿದ್ದೆ. ಅದನ್ನು ಜಾಣತನ ಎಂದೇ ತಿಳಿದಿದ್ದೆ.

ಗಂಗಕ್ಕನದು ಕುರಿ ಸಾಕುವ ಮನೆತನ. ಐವತ್ತು ದಾಟಿದ್ದರೂ ಅವರ ಎಡಗೈ ಹಿಡಿತ ನೋಡಬೇಕಿತ್ತು. ಒದ್ದಾಡುವ ಮರಿಯ ದವಡೆಯನ್ನು ಆ ಕೈಯಲ್ಲಿ ಅಗಲಿಸಿ, ಬಲಗೈಯಲ್ಲಿ ಬಿದಿರಿನ ಗೊಟ್ಟ ಹಿಡಿದು ಔಷಧಿ ಕುಡಿಸಿದರೆ ಒಂದು ತೊಟ್ಟೂ ಹೊರಗೆ ಚೆಲ್ಲುತ್ತಿರಲಿಲ್ಲ. ಶಾಲೆಗೆ ಹೋಗುವ ದಾರಿಯಲ್ಲಿ ನಿಂತು ನೋಡುತ್ತಿದ್ದೆ. "ಏನ್ ಮೇಷ್ಟ್ರೇ, ನಿಮಗೂ ಒಂದು ಗೊಟ್ಟ ಹಾಕ್ಲಾ?" ಎನ್ನುತ್ತಿದ್ದರು.

ಆ ವರ್ಷ ಊರಿನ ಹುಡುಗರು ಶಾಲೆಯ ಬಯಲಿನಲ್ಲಿ ಕಬಡ್ಡಿ ಪಂದ್ಯ ಇಟ್ಟರು. ಅಂಕ ಬರೆಯಲು ಮೇಜು ಹಾಕಿ ನನ್ನನ್ನು ಕೂರಿಸಿದರು. ಮತ್ತೆ ಅಕ್ಷರ ದುಂಡಗಿದೆಯೆಂದೇ. ಪಕ್ಕದ ಬೇವಿನ ಮರದಡಿ ಗಂಗಕ್ಕ ಆಟಗಾರರಿಗೆ ಮಜ್ಜಿಗೆ ಕೊಡುತ್ತಾ ಕೂತಿದ್ದರು. ಪಕ್ಕದೂರಿನ ಜೊತೆಗಿನ ಕೊನೆಯ ಪಂದ್ಯದಲ್ಲಿ, ಆಟಗಾರ ಗೆರೆ ಮುಟ್ಟಿದನೋ ಇಲ್ಲವೋ ಎಂದು ಎರಡೂರಿನವರು ಅಂಗಳಕ್ಕೆ ನುಗ್ಗಿದರು. ಒಂದಿಷ್ಟು ತಳ್ಳಾಟ, ಅದರ ಎರಡರಷ್ಟು ಬೈಗುಳ. ಬಂದೋಬಸ್ತಿಗೆ ಬಂದಿದ್ದ ಪೊಲೀಸರು ಒಂದು ಎಚ್ಚರಿಕೆಯ ಮಾತೂ ಆಡದೆ ಲಾಠಿ ಬೀಸಿದರು. ಜನ ಚೆಲ್ಲಾಪಿಲ್ಲಿಯಾದರು. ನಾನು ಮೇಜಿನ ಕೆಳಗೆ ತೂರಿಕೊಂಡೆ. ಅಲ್ಲಿಂದ ಎಲ್ಲವೂ ಚೆನ್ನಾಗಿ ಕಾಣುತ್ತಿತ್ತು.

ಗಂಗಕ್ಕ ಓಡಲಿಲ್ಲ. "ನಾನೇನ್ ಮಾಡೀನಪ್ಪ, ಮಜ್ಜಿಗೆ ಕೊಡ್ತಾ ಕುಂತೀನಿ" ಎಂದು ಎಡಗೈ ಅಡ್ಡ ಹಿಡಿದರು. ಪೊಲೀಸಿನವನು ಎರಡು ಸಲ ಹೊಡೆದ. ಎರಡನೆಯ ಏಟಿಗೆ ಮೂಳೆ ಮುರಿದ ಸದ್ದು ನನಗೆ ಕೇಳಿಸಿತು.

ದುರ್ಗದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನ ಡಾಕ್ಟರು ಪೆನ್ನು ಹಿಡಿದು, "ಹೆಂಗಾಯ್ತಮ್ಮಾ? ಬಿದ್ರಾ?" ಎಂದರು.

"ಹೂಂ, ಬಿದ್ರು" ಎಂದೆ ನಾನು. ನನ್ನನ್ನು ಯಾರೂ ಕೇಳಿರಲಿಲ್ಲ.

ಗಂಗಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ನಾನ್ಯಾಕಪ್ಪ ಬೀಳ್ಲಿ? ಪೊಲೀಸ್ನೋರು ಹೊಡ್ದಾರೆ. ಹಂಗೇ ಬರ್ಕಳಪ್ಪ" ಎಂದರು.

ಡಾಕ್ಟರು ಹಾಗೇ ಬರೆದುಕೊಂಡರು. ಆ ಒಂದು ಸಾಲಿಗೆ ಎಷ್ಟು ಬೆಲೆಯಿತ್ತೆಂದು ಆಮೇಲೆ ತಿಳಿಯಿತು. ಠಾಣೆಯಲ್ಲಿ ದೂರು ತೆಗೆದುಕೊಳ್ಳಲಿಲ್ಲ. ಎರಡು ದಿನ ಬೆಂಚಿನ ಮೇಲೆ ಕೂರಿಸಿ, ಸಾಹೇಬರು ಇಲ್ಲ ಎಂದು ಕಳಿಸಿದರು. ಅಲ್ಲಿಗೆ ಮುಗಿಯಿತು ಎಂದುಕೊಂಡ ನನಗೆ ಒಳಗೊಳಗೇ ಸಮಾಧಾನವೂ ಆಗಿತ್ತು, ಸುಳ್ಳೇಕೆ ಹೇಳಲಿ. ಆದರೆ ಗಂಗಕ್ಕ ನನ್ನನ್ನು ಎಳೆದುಕೊಂಡು ಹಿರಿಯೂರು ಕೋರ್ಟಿನ ಉಚಿತ ಕಾನೂನು ನೆರವಿನ ಕಚೇರಿಗೆ ಹೋದರು. ಹೆಂಗಸರಿಗೆ ಅಲ್ಲಿ ಪುಕ್ಕಟೆಯಾಗಿ ವಕೀಲರು ಸಿಗುತ್ತಾರೆಂದು ಯಾರೋ ಹೇಳಿದ್ದರಂತೆ. ನಿಜವೇ ಆಗಿತ್ತು.

ಅಲ್ಲಿದ್ದ ವಕೀಲರಮ್ಮ ಆಸ್ಪತ್ರೆಯ ಕಾಗದ ಓದಿ ಕನ್ನಡಕ ತೆಗೆದರು. "ಠಾಣೇಲಿ ತಗೊಳ್ಳಿಲ್ಲ ಅಂದ್ರೆ ಅಲ್ಲಿಗೇ ಮುಗೀತಾ? ಅದೇ ದೂರನ್ನ ರಿಜಿಸ್ಟರ್ ಅಂಚೇಲಿ ಎಸ್ಪಿಯೋರಿಗೆ ಕಳಿಸ್ರಿ, ರಸೀತಿ ಜೋಪಾನ. ಪೊಲೀಸರ ಮೇಲಿನ ದೂರು ಕೇಳಾಕೆ ಅಂತಲೇ ಪ್ರಾಧಿಕಾರ ಐತೆ, ಮಾನವ ಹಕ್ಕು ಆಯೋಗ ಐತೆ. ಅವಕ್ಕೂ ಬರೀರಿ. ಎಲ್ಲೂ ಆಗ್ಲಿಲ್ಲ ಅಂದ್ರೆ ಮ್ಯಾಜಿಸ್ಟ್ರೇಟ್ ಮುಂದೆ ನಾವೇ ಖಾಸಗಿ ದೂರು ಹಾಕಾಣ. ಪರಿಹಾರಕ್ಕೆ ಹೈಕೋರ್ಟಿನ ದಾರಿ ಬೇರೆ ಐತೆ. ಕರ್ತವ್ಯ ಮಾಡ್ತಿದ್ವಿ, ಸರ್ಕಾರದ ಅನುಮತಿ ಇಲ್ದೆ ಕೇಸ್ ನಡೆಸಂಗಿಲ್ಲ ಅಂತಾರೆ. ಮಜ್ಜಿಗೆ ಕೊಡ್ತಾ ಕುಂತಿರೋಳ ಕೈ ಮುರಿಯಾದು ಯಾವ ಕರ್ತವ್ಯ ಅಂತ ನಾವು ಕೇಳಾಣ." ಆಮೇಲೆ ನನ್ನನ್ನು ನೋಡಿ, "ಆದ್ರೆ ಕಣ್ಣಾರೆ ಕಂಡೋರು ಒಬ್ರಾದ್ರೂ ಬೇಕು" ಎಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಆ ದೂರನ್ನು ಬರೆದವನು ನಾನೇ. ಮೂರು ಪುಟ, ಒಂದು ಚಿತ್ತಿಲ್ಲ. ಸಾಕ್ಷಿಗಳ ಜಾಗದಲ್ಲಿ, ದೂರದಿಂದ ನೋಡಿದ್ದೇವೆ ಎಂದ ಇಬ್ಬರು ಆಟಗಾರರ ಹೆಸರು ಹಾಕಿದ್ದೆ. ಗಂಗಕ್ಕನ ಅಂಗಳದಲ್ಲಿ ಕೂತು ಗಟ್ಟಿಯಾಗಿ ಓದಿದೆ. ಕೈಯನ್ನು ಕೊರಳಿಗೆ ಕಟ್ಟಿಕೊಂಡಿದ್ದ ಅವರು ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದರು.

"ನಿಮ್ಮ ಹೆಸ್ರು ಎಲ್ಲೈತೆ ಮೇಷ್ಟ್ರೇ?"

"ಕೆಳಗೈತಲ್ಲ ಗಂಗಕ್ಕ, ಬಿಕ್ಕಲಂ ಅಂತ."

"ಅದು ಬರ್ದೋರ ಹೆಸ್ರು. ಕಂಡೋರ ಹೆಸ್ರು ಎಲ್ಲೈತೆ? ಮೇಜಿನ ಕೆಳಗೆ ಕುಂತು ನನ್ನೇ ನೋಡ್ತಿದ್ರಿ. ನಾನೂ ನಿಮ್ಮನ್ನೇ ನೋಡ್ತಿದ್ದೆ."

"ನಾನು ಸರ್ಕಾರಿ ನೌಕರ ಗಂಗಕ್ಕ..." ಎಂದು ಗೊಣಗಿದೆ.

"ಹೊಡ್ದೋನೂ ಸರ್ಕಾರಿ ನೌಕರನೇ. ಅವ್ನಿಗೆ ಇಲ್ಲದ ಭಯ ನಿಮಗ್ಯಾಕೆ?"

ಮೂರನೆಯ ಪುಟ ಹರಿದು ಹೊಸದಾಗಿ ಬರೆದೆ. ಸಾಕ್ಷಿಗಳಲ್ಲಿ ಮೊದಲ ಹೆಸರು ನನ್ನದು, ತಂದೆಯ ಹೆಸರಿನ ಸಮೇತ. ನನ್ನ ದುಂಡು ಅಕ್ಷರಗಳು ಅಲ್ಲಿ ಮಾತ್ರ ಸೊಟ್ಟಗಾದವು. ಆ ಪುಟದ ನಕಲು ಈಗಲೂ ಕೋರ್ಟಿನ ಫೈಲಿನಲ್ಲಿದೆ.

ಎಸ್ಪಿ ಕಚೇರಿಯಿಂದ ಉತ್ತರ ಬರಲಿಲ್ಲ. ಖಾಸಗಿ ದೂರು ಹಾಕಿದೆವು. ಅನುಮತಿಯ ವಾದ ತೀರುವಷ್ಟರಲ್ಲಿ ವರ್ಷಗಳು ಹೋದವು, ನನಗೂ ಹೊಳಲ್ಕೆರೆಗೆ ವರ್ಗವಾಯಿತು. ನಡುವೆ ಊರಿನ ದೊಡ್ಡವರು ರಾಜಿಗೆ ಬಂದರು. "ಕೈ ಮೊದಲಿನಂಗೆ ಮಾಡಿಕೊಡ್ರಿ, ರಾಜಿ ಆಗ್ತೀನಿ" ಎಂದು ಗಂಗಕ್ಕ ಅವರಿಗೂ ಮಜ್ಜಿಗೆ ಕೊಟ್ಟು ಕಳಿಸಿದರು. ಮೂಳೆ ಕೂಡಿತು, ಮಣಿಕಟ್ಟು ತಿರುಗಲಿಲ್ಲ. ಈಗ ಮರಿಯನ್ನು ಮೊಣಕಾಲುಗಳ ನಡುವೆ ಅದುಮಿಕೊಂಡು ಔಷಧಿ ಹಾಕುತ್ತಾರೆ. ಅರ್ಧ ಚೆಲ್ಲುತ್ತದೆ. ಆ ಹಳ್ಳಿಗೆ ಹೋಗಿ ಅದನ್ನು ನೋಡಿದಾಗೆಲ್ಲ ನನಗೆ ಸಿಟ್ಟು ಬರುತ್ತದೆ, ಮೊದಲು ಆ ಪೊಲೀಸಿನವನ ಮೇಲೆ, ಆಮೇಲೆ ನನ್ನ ಮೇಲೆ.

ಟೀ ಬಂತು. ಪೇದೆ ಎರಡು ಗುಟುಕು ಕುಡಿದು, ಒಳಗೆ ಹೆಂಡತಿಗೆ ಕೇಳಿಸದಂತೆ ದನಿ ತಗ್ಗಿಸಿದರು. "ಸರ್, ಒಂದು ಮಾತು. ಯಾಕೆ ನಿಮಗೆ ಈ ತಲೆನೋವು? ಮನೆಗೆ ಬೀಗ ಹಾಕಿತ್ತು, ಸಾಕ್ಷಿದಾರರು ಸಿಗಲಿಲ್ಲ ಅಂತ ಬರ್ದು ವಾಪಸ್ ಕಳಿಸ್ಲಾ? ಎಷ್ಟೋ ಜನಕ್ಕೆ ಹಂಗೇ ಮಾಡ್ತೀವಿ."

ಕೆಟ್ಟ ಮನುಷ್ಯರಲ್ಲ, ನನ್ನ ಒಳ್ಳೆಯದಕ್ಕೇ ಹೇಳಿದರು. ನನ್ನಂಥವರನ್ನು ದಿನವೂ ನೋಡುವವರಿಗೆ ನಾವು ಏನು ಕೇಳುತ್ತೇವೆಂದು ಚೆನ್ನಾಗಿ ಗೊತ್ತಿರುತ್ತದೆ. ಮುಖದ ಮೇಲೆ ನೊರೆ ಒಣಗಿ ಬಿಗಿಯುತ್ತಿತ್ತು.

"ಪೆನ್ನು ಕೊಡ್ರಿ" ಎಂದೆ. ಸಮನ್ಸಿನ ಪ್ರತಿಯ ಮೇಲೆ ಸಹಿ ಹಾಕಿದೆ. ಅದರ ಕೆಳಗೆ ಪೂರ್ತಿ ಹೆಸರು ಬರೆದೆ, ದಿನಾಂಕ ಹಾಕಿದೆ, ಯಾರೂ ಕೇಳದಿದ್ದರೂ ಫೋನ್ ನಂಬರನ್ನೂ ಸೇರಿಸಿದೆ.

ಪೇದೆ ಅದನ್ನು ಮಡಚಿ ಕವರಿಗೆ ಸೇರಿಸಿದರು. "ಸರ್, ನೀವು ಸಾಕ್ಷಿ ಹೇಳ್ತಿರಾದು ನಮ್ಮ ಇಲಾಖೆಯೋರ ಮೇಲೆ" ಎಂದರು ಮೆಲ್ಲಗೆ.

"ಗೊತ್ತೈತೆ. ನಾನು ಕಣ್ಣಾರೆ ಕಂಡೀನಿ."