ಮುನಿರಾಜು ಗಾಡಿಗೆ ಕಿಕ್ ಕೊಟ್ಟಿದ್ದು

ಆಗ ನನಗೆ ಅರವತ್ತೆರಡು, ಈಗ ಅರವತ್ತೊಂಬತ್ತು. ಅಂದರೆ ಏಳು ವರ್ಷದ ಹಿಂದಿನ ಮಾತು. ಮಾಲೂರಿನಲ್ಲಿ ಕೋಲಾರದ ರಸ್ತೆಗೆ ನನ್ನದೊಂದು ಗ್ಯಾರೇಜು ಇತ್ತು. ಗ್ಯಾರೇಜು ಅಂದರೆ ತಗಡಿನ ಶೆಡ್ಡು, ಒಂದು ಶಟರು, ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ಗಂಡ ಇದ್ದಾಗ ನಾನು ಸೀಮೆಎಣ್ಣೆಯಲ್ಲಿ ಪಾರ್ಟು ತೊಳೆಯುತ್ತಿದ್ದೆ. ಅವನು ಹೋದ ಮೇಲೆ ಬಿಚ್ಚಿ ಕೂಡಿಸುವುದೂ ನನ್ನ ಪಾಲಿಗೇ ಬಂತು. ತೊಳೆದೂ ತೊಳೆದೂ ಯಾವುದು ಎಲ್ಲಿ ಕೂರುತ್ತದೆ ಎಂದು ಕೈಗೆ ಗೊತ್ತಿತ್ತು. ಓದು ಅಷ್ಟಕ್ಕಷ್ಟೇ. ಸ್ಪ್ಯಾನರ್ ಮೇಲಿನ ನಂಬರು ಓದಿದರೆ ಆ ಕೆಲಸಕ್ಕೆ ಸಾಕು.

ನಮ್ಮ ಗ್ಯಾರೇಜಿನಲ್ಲಿ ಗಂಡನ ಕಾಲದಿಂದಲೂ ಒಂದು ಪದ್ಧತಿ. ರಿಪೇರಿ ಆದ ಗಾಡಿಗೆ ಮೊದಲ ಕಿಕ್ ನಾವು ಹೊಡೆಯುವುದಿಲ್ಲ, ಅದರ ಯಜಮಾನನೇ ಹೊಡೆಯಬೇಕು. ‘ನಿಮ್ಮ ಕಾಲಿಗೆ ಸ್ಟಾರ್ಟ್ ಆಯ್ತು, ನಮ್ಮ ಕಾಲಿಗೆ ಆಗಲಿಲ್ಲ’ ಎಂದು ಮಾರನೆಯ ದಿನ ಜಗಳಕ್ಕೆ ಬರಬಾರದು ನೋಡಿ, ಅದಕ್ಕೆ. ಈ ಪದ್ಧತಿ ಇಲ್ಲದಿದ್ದರೆ ನಾನು ಹೇಳಲು ಹೊರಟಿರುವುದು ನಡೆಯುತ್ತಲೇ ಇರಲಿಲ್ಲ.

ಶಿವಾರಪಟ್ಟಣದ ಗೌರಮ್ಮ ಎಂಬುವಳು ಒಂದು ದಿನ ಸಣ್ಣ ಟೆಂಪೋದಲ್ಲಿ ಗಾಡಿ ಹೇರಿಸಿಕೊಂಡು ಬಂದಳು. ಎತ್ತರದ ಗಾಡಿ, ಮುಳ್ಳುಮುಳ್ಳು ಟೈರು, ಲೈಟಿಲ್ಲ, ಸೆಲ್ಫ್ ಇಲ್ಲ. ಕಲ್ಲುಗುಡ್ಡ ಹತ್ತಿಸುವ ರೇಸಿನವರು ಇಟ್ಟುಕೊಳ್ಳುವ ಡರ್ಟ್ ಬೈಕು, ಫೋರ್ ಸ್ಟ್ರೋಕ್ ಎಂಜಿನ್. ಹಿಂದೆಯೇ ಅವಳ ಗಂಡ ಮುನಿರಾಜು ಕುಂಟುತ್ತಾ ಇಳಿದ. ಅವನು ವಿಗ್ರಹ ಕೆತ್ತುವ ಕೆಲಸದವನು, ವಯಸ್ಸು ಮೂವತ್ತೈದರ ಆಸುಪಾಸು. ಅದಕ್ಕೆ ಒಂದು ವರ್ಷ ಹಿಂದೆ ರೇಸಿನಲ್ಲಿ ಬಿದ್ದು ಬಲಮಂಡಿ ಮುರಿದು, ಒಳಗೆ ಪ್ಲೇಟು ಹಾಕಿದ್ದರು.

“ಅಕ್ಕಾ, ಇದನ್ನ ಮಾರ್ಬಿಡ್ಬೇಕು,” ಎಂದಳು ಗೌರಮ್ಮ. “ಇನ್ನೊಂದು ಸಲ ಆ ಮಂಡಿಗೆ ಏಟು ಬಿದ್ರೆ ಮಡಿಸಕ್ಕಾಗಲ್ಲ ಅಂದವ್ರೆ ಡಾಕ್ಟ್ರು. ಕಾಲು ಮಡಿಸ್ದೇ ಕಲ್ಲಿನ ಮುಂದೆ ಎಂಗೆ ಕೂರ್ತಾನೆ? ಮನೆ ನಡಿಯೋದು ಆ ಕಲ್ಲಿಂದ. ಎರಡು ಸಲ ಗಿರಾಕಿ ಬಂದ್ರು. ಅವ್ರ ಮುಂದೆ ಸ್ಟಾರ್ಟೇ ಆಗ್ಲಿಲ್ಲ. ಬಿದ್ದಾಗ್ಲಿಂದ ಮೂಲೇಲೇ ನಿಂತೈತೆ.”

ಮುನಿರಾಜು ಗಾಡಿಯ ಸೀಟಿನ ಮೇಲಿದ್ದ ಧೂಳನ್ನು ಅಂಗೈಯಲ್ಲಿ ಒರೆಸುತ್ತಿದ್ದ.

ಅವರು ಹೋದ ಮೇಲೆ ಬಿಚ್ಚಿದೆ. ಸ್ಪಾರ್ಕ್ ಪ್ಲಗ್ ಒದ್ದೆಯಾಗಿತ್ತು. ಎಂಜಿನ್ನಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲು ನುಗ್ಗಿದರೆ ಹೀಗಾಗುತ್ತದೆ. ಕಿಡಿ ನೆನೆದು ಸಾಯುತ್ತದೆ. ಅದನ್ನು ಬಿಟ್ಟರೆ ಬೇರೆ ರೋಗವಿಲ್ಲ. ಕಾರ್ಬುರೇಟರ್ ಕನ್ನಡಿಯ ಹಾಗೆ ಸ್ವಚ್ಛವಾಗಿತ್ತು. ವರ್ಷಗಟ್ಟಲೆ ನಿಂತ ಪೆಟ್ರೋಲು ಹಳೆಯ ವಾರ್ನಿಷ್ ತರಹ ನಾರುತ್ತದೆ, ಇದರ ಟ್ಯಾಂಕಿನಲ್ಲಿದ್ದದ್ದು ಹೊಸ ಪೆಟ್ರೋಲು. ಅದನ್ನು ಯಾರು ಹಾಕಿದರು ಎಂದು ನಾನು ಯಾರಿಗೂ ಫೋನ್ ಮಾಡಿ ಕೇಳಲಿಲ್ಲ. ಪ್ಲಗ್ ಒಣಗಿಸಿ ಹಾಕಿ, ಗಿರಾಕಿಯನ್ನು ಭಾನುವಾರ ಗ್ಯಾರೇಜಿಗೇ ಕರೆಸು ಎಂದು ಗೌರಮ್ಮನಿಗೆ ಹೇಳಿದೆ.

ಈ ಜಾತಿಯ ಎಂಜಿನ್ ಬಗ್ಗೆ ಎರಡು ಮಾತು ಹೇಳಬೇಕು. ಇದರ ಪಿಸ್ಟನ್ ಮೇಲೆ ಬರುವಾಗ ಒಳಗಿನ ಗಾಳಿಯನ್ನು ಒತ್ತುತ್ತದೆ. ಅದಕ್ಕೆ ಕಂಪ್ರೆಷನ್ ಎನ್ನುತ್ತಾರೆ. ದೊಡ್ಡ ಫೋರ್ ಸ್ಟ್ರೋಕಿನಲ್ಲಿ ಆ ಒತ್ತಡ ಬಲು ಜಾಸ್ತಿ. ಪಿಸ್ಟನ್ ತುದಿ ದಾಟುವ ಮೊದಲೇ ಧಡಾರನೆ ಒದ್ದರೆ ಎಂಜಿನ್ ಹಿಂದಕ್ಕೆ ತಿರುಗಿ, ಕಾಲಿಟ್ಟು ಒದೆಯುವ ಕಿಕ್ಕರ್ ಮೇಲಕ್ಕೆ ಚಿಮ್ಮುತ್ತದೆ. ಕಾಲಿನ ಮೂಳೆ ಹೋಗಬಹುದು, ಒಳಗಿನ ಗೇರಿನ ಹಲ್ಲು ಉದುರಬಹುದು, ಕೇಸಿಂಗ್ ಬಿರುಕು ಬಿಡಬಹುದು. ಆ ಗೇರು ಮಾಲೂರಿನಲ್ಲಿ ಸಿಗುವುದಿಲ್ಲ, ಬೆಂಗಳೂರಿನಲ್ಲೂ ಆರ್ಡರ್ ಕೊಟ್ಟು ಕಾಯಬೇಕು. ಇನ್ನೊಂದು, ಆಕ್ಸಿಲರೇಟರ್, ನಮ್ಮ ಮಾತಿನಲ್ಲಿ ರೇಸ್, ತಿರುಗಿಸಿದಾಗಲೆಲ್ಲ ಕಾರ್ಬುರೇಟರಿನೊಳಗಿನ ಚಿಕ್ಕ ಪಂಪು ಪೆಟ್ರೋಲು ಚಿಮುಕಿಸುತ್ತದೆ. ಕಿಕ್ ಹೊಡೆಯುವಾಗ ಆ ಕೈ ಸುಮ್ಮನಿರಬೇಕು.

ಭಾನುವಾರ ಗಿರಾಕಿ ಬಂದ. ಕೋಲಾರದ ಫಯಾಜ್, ಮರದ ಸಾಮಾನಿನ ವ್ಯಾಪಾರ. ರಜೆಯಲ್ಲಿ ಗುಡ್ಡ ಸುತ್ತುವ ಶೋಕಿ. ಹೊಸ ಬೂಟು ಹಾಕಿಕೊಂಡೇ ಬಂದಿದ್ದ. ಪಕ್ಕದ ಟೀ ಅಂಗಡಿಯ ನಂಜಪ್ಪನೂ ಅವನ ಗಿರಾಕಿಗಳೂ ಲೋಟ ಹಿಡಿದು ಬಂದು ನಿಂತರು.

ಪದ್ಧತಿಯಂತೆ ಮುನಿರಾಜುಗೆ ಕಿಕ್ ಹೊಡಿ ಎಂದೆ. ಅವನು ಬಲಗಾಲಲ್ಲಿ ಮೆಲ್ಲಗೆ ಒತ್ತಿದ. ಒತ್ತುವಾಗಲೆಲ್ಲ ಕೈ ಆಕ್ಸಿಲರೇಟರ್ ತಿರುಗಿಸುತ್ತಿತ್ತು. ಒಂದು ಸಲವಲ್ಲ, ಪ್ರತಿ ಸಲ. ರೇಸು ಓಡಿಸಿದವನು ಮಾಡುವ ತಪ್ಪಲ್ಲ ಅದು. ಪೆಟ್ರೋಲಿನ ವಾಸನೆ ನನ್ನ ಮೂಗಿಗೂ ಬಂತು. ಗಾಡಿ ಕೆಮ್ಮಿತು, ಸುಮ್ಮನಾಯಿತು.

“ಆಗ್ತಿಲ್ಲ ಅಕ್ಕ,” ಎಂದ ನನ್ನ ಮುಖ ನೋಡದೆ. “ಒಳಗೇನೋ ಹೋಗೈತೆ.”

ಅವನಿಗೆ ಮಾರುವ ಮನಸ್ಸಿಲ್ಲ ಎಂದು ಆಗ ತಿಳಿಯಿತು. ಅಷ್ಟೂ ಜನರ ಎದುರು ನಾನು ಅದನ್ನು ಆಡಿದ್ದರೆ ಗಂಡಹೆಂಡಿರ ಜಗಳಕ್ಕೆ ನಾನೇ ಕಿಡಿ ಕೊಟ್ಟ ಹಾಗೆ. ಸುಮ್ಮನಿದ್ದರೆ ಗೌರಮ್ಮ ಗಾಡಿಯನ್ನು ಮತ್ತೆ ಟೆಂಪೋ ಹತ್ತಿಸಿಕೊಂಡು ಹೋಗಬೇಕು, ಮಂಡಿ ಸರಿಯಾದ ದಿನ ಇವನು ಗುಡ್ಡಕ್ಕೆ ಹೋಗುವುದು ಖಂಡಿತ. ನಾನು ಫಯಾಜ್ ಕಡೆ ತಿರುಗಿದೆ.

“ತಗೊಳ್ಳೋರು ನೀವು. ನೀವೇ ನೋಡಿ.”

ಗಾಡಿಯೊಂದು ಸ್ಟಾರ್ಟ್ ಆಗುತ್ತಿಲ್ಲ ಎಂದರೆ ನಮ್ಮ ಕಡೆ ಗಂಡಸರ ಕಾಲು ತುರಿಸುತ್ತದೆ. ಫಯಾಜ್ ಅರ್ಧ ಅರ್ಧ ಏಟು ಹಾಕಿ ಧಬಧಬ ತುಳಿದ. ನಂಜಪ್ಪ ಲೋಟ ಕೆಳಗಿಟ್ಟು ಪಂಚೆ ಎತ್ತಿಕಟ್ಟಿದ.

“ಬಿಡಿ ಸಾಬ್ರೇ, ನಾನೊಂದು ಕೊಡ್ತೀನಿ. ಗಾಡಿನಾ ಕತ್ತೇನಾ ಇದು? ಕತ್ತೆ ಆಗಿದ್ರೂ ಇಷ್ಟೊತ್ತಿಗೆ ತಿರುಗಿ ಒದೀತಿತ್ತು.”

“ಇದೂ ಒದೀತೈತೆ, ತಡಿ,” ಎಂದೆ.

ಅವನು ಹವಾಯಿ ಚಪ್ಪಲಿಯಲ್ಲೇ ಒದ್ದ. ಹಲ್ಲಿಗೆ ಹಲ್ಲು ಕೂರದೆ ಗೇರು ಕರ್ರ್ ಎಂದು ಅರೆಯಿತು, ಕಿಕ್ಕರ್ ಮೇಲಕ್ಕೆ ಚಿಮ್ಮಿ ಅವನ ಚಪ್ಪಲಿ ರಸ್ತೆಗೆ ಹಾರಿತು. ಜನ ನಕ್ಕರು. ನಾನು ಮುನಿರಾಜುವನ್ನು ನೋಡುತ್ತಿದ್ದೆ. ಗೇರು ಅರೆದಾಗ ಅವನ ದವಡೆ ಬಿಗಿಯಿತು. ಫಯಾಜ್ ಮತ್ತೆ ಕಾಲೆತ್ತಿದ.

“ತೆಗೀರಿ! ಅದ್ರ ಮೇಲಿಂದ ಕಾಲು ತೆಗೀರಿ!” ಎಂದು ಮುನಿರಾಜು ಕಿರುಚಿದ. “ಕೊಂದಾಕ್ಬಿಡ್ತೀರಾ ಏನ್ರೀ ಅದನ್ನ?”

ಎಲ್ಲರೂ ಹಿಂದೆ ಸರಿದರು. ಅವನು ಗಾಡಿ ಹತ್ತಲಿಲ್ಲ. ಬಲಪಕ್ಕಕ್ಕೆ ಬಂದು ನೆಲದ ಮೇಲೇ ನಿಂತು ಹ್ಯಾಂಡಲ್ ಹಿಡಿದ. ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ಗಾಡಿಯನ್ನು ಹಿಂದೆ ಮುಂದೆ ಆಡಿಸಿದ. ಆ ಕಡೆಯ ಆಫ್ ಬಟನ್ ಒತ್ತಿ ಹಿಡಿಯಲು ಫಯಾಜ್‌ಗೆ ಹೇಳಿ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ, ಎಡಗಾಲಿನಲ್ಲಿ ಕಿಕ್ಕರನ್ನು ಕೆಲವು ಸಲ ನಿಧಾನವಾಗಿ ಕೆಳಗಿಳಿಸಿದ. ಹೆಚ್ಚಾದ ಪೆಟ್ರೋಲು ಹೊರಗೆ ಹೋಗಲು ಹಾಗೆ ಮಾಡುವುದು.

“ಈಗ ಬಟನ್ ಬಿಡಿ. ಇನ್ಮೇಲೆ ರೇಸ್ ಮುಟ್ಬಾರ್ದು,” ಎಂದ. “ಇದನ್ನ ಒದಿಯಲ್ಲ ಸಾರ್. ಕಾಲಿಟ್ಟು ನೋಡೋದು. ಒತ್ತಿ... ಒತ್ತಿ... ಇಲ್ಲಿ ಗಟ್ಟಿ ಬಂತಲ್ಲ, ಇದೇ ಜಾಗ. ಇದನ್ನ ಮೆತ್ತಗೆ ಒಂಚೂರು ದಾಟಿಸ್ಬೇಕು. ಕಿಕ್ಕರ್ ಪೂರ್ತಿ ಮೇಲೆ ಬರಕ್ಕೆ ಬಿಡ್ಬೇಕು. ಆಮೇಲೆ ಒಂದೇ ಸಲ, ಕೆಳಗಿನ್ ತನಕ. ಅರ್ಧಕ್ಕೆ ಕಾಲು ತೆಗೀಬಾರ್ದು.”

ಎಡಗಾಲಿನ ಮೇಲೆ ಮೈಭಾರ ಬಿಟ್ಟ. ಒಂದೇ ಏಟಿಗೆ ಎಂಜಿನ್ ಹತ್ತಿಕೊಂಡಿತು. ಅವನು ರೇಸ್ ಕೊಡಲಿಲ್ಲ. ಬಿಸಿಯಾಗುವವರೆಗೂ ಹಾಗೆಯೇ ಓಡಲು ಬಿಟ್ಟು, ತಲೆ ಬಗ್ಗಿಸಿ ನಿಂತ.

ಜನ ಗಾಡಿಯನ್ನು ನೋಡುತ್ತಿದ್ದರು. ಗೌರಮ್ಮ ನೋಡುತ್ತಿದ್ದದ್ದು ಅವನ ಎಡಗಾಲನ್ನು. ಬಲಗಾಲಲ್ಲಿ ಒದೆಯುವ ಗಾಡಿಯನ್ನು ಪಕ್ಕದಲ್ಲಿ ನಿಂತು ಎಡಗಾಲಲ್ಲಿ ಅಷ್ಟು ಸಲೀಸಾಗಿ ಎಬ್ಬಿಸುವುದು ಒಂದು ದಿನದ ಅಭ್ಯಾಸವಲ್ಲ.

“ಎಡಗಾಲಲ್ಲಿ ಯಾವಾಗ ಕಲ್ತೆ?” ಎಂದಳು.

“ನೀನು ಡೈರಿಗೆ ಹಾಲು ಹಾಕಕ್ಕೆ ಹೋದಾಗ,” ಎಂದ.

“ಓಡ್ಸಿದ್ಯಾ?”

“ಇಲ್ಲ. ಸ್ಟಾರ್ಟ್ ಮಾಡ್ತೀನಿ. ಸದ್ದು ಕೇಳ್ತೀನಿ. ಆಫ್ ಮಾಡ್ತೀನಿ. ಅಷ್ಟೇ.”

“ಮತ್ತೆ ಗಿರಾಕಿ ಬಂದಾಗ ಮಾತ್ರ ಬಲಗಾಲು.”

ಫಯಾಜ್ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿ, “ಅರೇ ಅಣ್ಣಾ, ಹಂಗಾದ್ರೆ ಮಾರಲ್ವಾ?” ಎಂದ.

“ಮಾರ್ತೀವಿ,” ಎಂದಳು ಗೌರಮ್ಮ.

ಮುನಿರಾಜು ಎಂಜಿನ್ ಆಫ್ ಮಾಡಿದ. ಅವನು ಎದುರಾಡುತ್ತಾನೆ ಎಂದುಕೊಂಡಿದ್ದೆ. ಆಡಲಿಲ್ಲ. “ಕಿಕ್ ಹೊಡಿಯೋದು ಕಲ್ತು ತಗೊಂಡೋಗ್ಲಿ,” ಎಂದ ಹೆಂಡತಿಗೆ. ಫಯಾಜ್‌ನನ್ನು ಗಾಡಿ ಹತ್ತಿಸಿದ. ಫಯಾಜ್ ತಪ್ಪು ಒತ್ತಿದ. ಇಳಿಸಿದ, ಮತ್ತೆ ಹತ್ತಿಸಿದ. ಟೀ ಅಂಗಡಿಯವರು ಬೇಜಾರಾಗಿ ಹೋದರು. ಕೊನೆಗೊಮ್ಮೆ ಸರಿಯಾಗಿ ಹತ್ತಿಕೊಂಡಿತು. ಫಯಾಜ್ ಕರೆಸಿದ ಟೆಂಪೋದಲ್ಲಿ ಗಾಡಿ ಕೋಲಾರದ ಕಡೆ ಹೋಯಿತು. ಗೌರಮ್ಮ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಅವನು ಹಿಂದೆ ನಡೆದ.

ಗಾಡಿ ಕೆಟ್ಟಿದೆ ಎಂದು ಯಾರಾದರೂ ತಂದರೆ ಅಂದಿನಿಂದ ನಾನು ಮೊದಲೇ ಸ್ಪ್ಯಾನರ್ ಎತ್ತುತ್ತಿರಲಿಲ್ಲ. ಒಂದು ಸಲ ನೀವೇ ಸ್ಟಾರ್ಟ್ ಮಾಡಿ ತೋರಿಸಿ ಎನ್ನುತ್ತಿದ್ದೆ. ಅರ್ಧ ರೋಗ ಎಂಜಿನ್ನಿನಲ್ಲಿರುವುದಿಲ್ಲ, ತಂದವರಲ್ಲಿರುತ್ತದೆ. ಎಂಜಿನ್ನಿನದನ್ನು ನಾನು ಸರಿಮಾಡಬಲ್ಲೆ. ಇನ್ನೊಂದು ನನ್ನ ಕೈಯದಲ್ಲ.

ಆ ಭಾನುವಾರದ ಮಾರನೆಯ ದಿನ ಬೆಳಿಗ್ಗೆ ಶಟರ್ ಬೀಗ ತೆಗೆಯುತ್ತಿರುವಾಗಲೇ ಫಯಾಜ್ ಫೋನ್ ಮಾಡಿದ.

“ಅಮ್ಮಾ, ಎದ್ದಾಗಿಂದ ಒದೀತಾ ಇದೀನಿ...”

“ಒದಿಬ್ಯಾಡಪ್ಪಾ! ಕಾಲು ತೆಗಿ ಮೊದ್ಲು,” ಎಂದು ಇಟ್ಟುಬಿಟ್ಟೆ.

ಮುನಿರಾಜುಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಗೌರಮ್ಮನಿಗೆ ಮಾಡಿದೆ. ಹೀಗೆ ಹೀಗೆ ಆಗಿದೆ, ನಿನ್ನ ಗಂಡ ಕೋಲಾರಕ್ಕೆ ಹೋಗಿ ಇನ್ನೊಂದು ಸಲ ತೋರಿಸಿಕೊಟ್ಟು ಬರಬೇಕು, ಕಳಿಸುವುದೂ ಬಿಡುವುದೂ ನಿನಗೆ ಬಿಟ್ಟಿದ್ದು ಎಂದೆ. ಫೋನಿನಲ್ಲಿ ಅವಳ ಹಿಂದೆ ಕಲ್ಲಿನ ಮೇಲೆ ಉಳಿ ಬೀಳುವ ಸದ್ದು ಕೇಳುತ್ತಿತ್ತು.

“ಬಸ್ಸಲ್ಲಿ ಹೋಗ್ಲಿ,” ಎಂದಳು. “ಬಸ್ಸಲ್ಲೇ ಬರ್ಲಿ.”

ಉಳಿಯ ಸದ್ದು ನಿಂತಿತು. ನಾನು ಫಯಾಜ್‌ಗೆ ಫೋನ್ ಮಾಡಿ, ಮುನಿರಾಜು ಬರುವವರೆಗೆ ಗಾಡಿ ಮುಟ್ಟಬೇಡ ಎಂದು ಹೇಳಿ, ಶಟರ್ ಎತ್ತಿದೆ.